ತೀರ್ಥ ಕುಡಿದ ಟಗರು

ಮಳವಳ್ಳಿಯಿಂದ ಬ್ಲಫ್ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು, ನಾಲೆ ಏರಿಯ ಹತ್ತಿರ ಇಳಿದು, ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ ನಡೆದರೆ ಹುಚ್ಚೀರಯ್ಯನ ಮನೆ. ಮನೆ ಮುಂದೆ ಹೊಂಗೆ ಮರ, ಮರದ ಬುಡದಲ್ಲಿ ಕಲ್ಲಿನ ಬಾನಿ, ಬಾನಿಯ ಪಕ್ಕದ ಗೂಟದಲ್ಲಿ ಕೆಂಚ ಎಂಬ ಟಗರು. ಆ ಬಾನಿಯ ನೀರಿನಿಂದಲೇ ಇಷ್ಟೆಲ್ಲ ಶುರುವಾದದ್ದು.

ಹುಚ್ಚೀರಯ್ಯ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಾರೀಕು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಯಾವ ದಿನ ಏನಾಯಿತು ಅನ್ನುವುದು ಒಂದೂ ಬಿಟ್ಟುಹೋಗುತ್ತಿರಲಿಲ್ಲ. ಊರವರು ರೇಷನ್ ಕಾರ್ಡಿಗೆ ತಮ್ಮ ವಯಸ್ಸು ಬರೆಸುವ ಮುಂಚೆ ಅವನನ್ನು ಬಂದು ಕೇಳುತ್ತಿದ್ದರು. ನೀನು ಹುಟ್ಟಿದ್ದು ನಾಲೆ ಒಡೆದು ಗದ್ದೆಯಲ್ಲಿ ಮೀನು ಹಿಡಿದ ವಾರ, ಗುರುವಾರ, ನಿಮ್ಮಪ್ಪ ಆವತ್ತು ಎರಡು ಬುಟ್ಟಿ ಮೀನು ಹಿಡಿದಿದ್ದ, ನಿನ್ನ ನೋಡೋಕೆ ಹೋಗಲಿಲ್ಲ ಅಂತ ಅವನು ಸಾವಕಾಶವಾಗಿ ಹೇಳುತ್ತಿದ್ದ. ಮಾತು ಕಮ್ಮಿ, ಆದರೆ ಹೇಳಿದ್ದು ತಪ್ಪುತ್ತಿರಲಿಲ್ಲ.

ಅವನ ಹೆಂಡತಿ ರೇವಮ್ಮ ಸೋಬಾನೆ ಹೇಳುವವಳು. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಿ ಮದುವೆಯಾದರೂ ಹೆಣ್ಣಿನ ಕಡೆಯವರು ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅರಿಶಿನ ಹಚ್ಚುವಾಗ ಪದ ಎತ್ತಿದರೆ ಹೆಣ್ಣನ್ನು ಹಸೆಯಿಂದ ಎಬ್ಬಿಸುವ ತನಕ ಅದು ಕಡಿಯುವ ಹಾಗಿಲ್ಲ. ಈ ಸೀಮೆಯಲ್ಲಿ ಅವಳಿಗೆ ಎದುರು ಅಂತ ಇದ್ದವಳು ಗುತ್ತಲಿನ ಮಾಯಮ್ಮ ಒಬ್ಬಳೇ. ಮಾಯಮ್ಮನ ಗಂಟಲು ಪರವಾಗಿಲ್ಲ, ಆದರೆ ಪದ ಮರೆತು ಹೇಳಿದ್ದನ್ನೇ ಹೇಳುತ್ತಾಳೆ ಅನ್ನುವುದು ರೇವಮ್ಮನ ತೀರ್ಮಾನ.

ಸಂಕ್ರಾಂತಿ ಕಳೆದ ಮೇಲೆ ರೇವಮ್ಮನ ಕಾಲು ಊದಿಕೊಂಡಿತು. ಮೊದಲು ಪಾದ, ಆಮೇಲೆ ಹರಡು. ಕಾಲುಂಗುರವನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ಮಳವಳ್ಳಿಯ ಡಾಕ್ಟರಮ್ಮ ಅರುಂಧತಿ ಎದೆಗೆ ಕೊಳವೆ ಇಟ್ಟು ಕೇಳಿ, ಎದೆ ಸ್ವಲ್ಪ ದಣಿದಿದೆ, ಅದಕ್ಕೇ ನೀರು ಕಾಲಿಗೆ ಇಳಿದಿದೆ ಅಂದರು. ದಿನಾ ಬೆಳಿಗ್ಗೆ ಒಂದು ನೀರಿನ ಮಾತ್ರೆ ಬರೆದುಕೊಟ್ಟರು. ಮಾತ್ರೆ ತಗೊಂಡರೆ ಮೈಯಲ್ಲಿ ನಿಂತ ನೀರು ಉಚ್ಚೆಯಾಗಿ ಹೋಗುತ್ತದೆ. ತಪ್ಪಿಸಿದರೆ ಇವತ್ತು ಕಾಲಿನಲ್ಲಿರುವ ನೀರು ನಾಳೆ ಎದೆಗೆ ಏರುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನಿಲ್ಲ ಅಂತ ಹುಚ್ಚೀರಯ್ಯನ ಮುಖ ನೋಡಿ ಹೇಳಿದರು. ಆ ಮಾತು ಅವನ ಒಳಗೆ ಕೂತುಬಿಟ್ಟಿತು.

ಅವತ್ತಿನಿಂದ ಹುಚ್ಚೀರಯ್ಯನಿಗೆ ಬೆಳಗಾದರೆ ಎರಡು ಕೆಲಸ. ಮೊದಲನೆಯದು, ಜಗಲಿ ಮೇಲೆ ಕೂತ ಹೆಂಡತಿಯ ಕಾಲಿಗೆ ಹೆಬ್ಬೆರಳು ಒತ್ತಿ, ಬಿದ್ದ ಗುಳಿ ತುಂಬಿಕೊಳ್ಳುವುದು ಎಷ್ಟು ಹೊತ್ತು ಅಂತ ನೋಡುವುದು. ಎರಡನೆಯದು, ಮಾತ್ರೆಯನ್ನು ಅವಳ ಅಂಗೈಗೆ ಹಾಕಿ, ಬಾಯಿಗೆ ಹೋಗುವುದನ್ನು ಕಣ್ಣಾರೆ ಕಾಣುವುದು. ರೇವಮ್ಮ ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿದು, ಎದ್ದು ಒಳಗೆ ಹೋಗುತ್ತಿದ್ದಳು. ಮುದ್ದೆ ಕಟ್ಟಿ, ಮೊದಲ ಮುದ್ದೆಯಲ್ಲಿ ನಿಂಬೆ ಗಾತ್ರದ ಒಂದು ತುತ್ತು ಮುರಿದು, ಹೊರಗೆ ಬಂದು ಕೆಂಚನ ಬಾಯಿಗೆ ಇಡುತ್ತಿದ್ದಳು. ಕೆಂಚ ತಾಯಿ ಸತ್ತ ಮರಿ. ಬಾಟಲಿ ಹಾಲು ಕುಡಿಸಿ ಅವನನ್ನು ಬೆಳೆಸಿದವಳು ಅವಳೇ. ಆ ಮನೆಯಲ್ಲಿ ಮೊದಲ ತುತ್ತು ಕೆಂಚನದು, ಆಮೇಲಿನ ಮುದ್ದೆ ಗಂಡನದು.

ಗುಳಿ ಬೇಗ ತುಂಬಿಕೊಳ್ಳಲಿಲ್ಲ. ಹುಚ್ಚೀರಯ್ಯ ನಾಲೆ ಪಕ್ಕದ ತೋಪಿನ ಮಾರಮ್ಮನ ಗುಡಿಗೆ ಹೋಗಿ, ಕಾಲು ಇಳಿದರೆ ಕೆಂಚನನ್ನು ಒಪ್ಪಿಸುತ್ತೇನೆ ಅಂತ ಕೈ ಮುಗಿದು ಬಂದ. ಹೆಂಡತಿಗೆ ಹೇಳಿದಾಗ ಅವಳು ಒಲೆ ಊದತೊಡಗಿದಳು. ಅದು ಗ್ಯಾಸ್ ಒಲೆ.

ಅತ್ತ ಕೆಂಚನಿಗೆ ದಾಹ ಹತ್ತಿ ಆಗಲೇ ಕೆಲವು ದಿನವಾಗಿತ್ತು.

ಒಂದು ಬೆಳಿಗ್ಗೆ ಬಾನಿಯ ನೀರನ್ನು ತಳ ಕಾಣುವ ತನಕ ಕುಡಿದು ಬಾನಿಯನ್ನೇ ನೆಕ್ಕುತ್ತ ನಿಂತ. ತುಂಬಿಸಿದರೆ ಅದನ್ನೂ ಕುಡಿದ. ಕುಡಿದದ್ದು ಕುಡಿದ ಹಾಗೇ ಹೊರಗೆ ಬಂದು ಹೊಂಗೆ ಬುಡ ಕೆಸರಾಯಿತು. ಎಂಟು ದಿನವಾದರೂ ದಾಹ ನಿಲ್ಲಲಿಲ್ಲ. ಹಗ್ಗ ಕಿತ್ತುಕೊಂಡು ಪಕ್ಕದ ಮನೆಗೆ ನುಗ್ಗಿ, ಬಟ್ಟೆ ನೆನೆಹಾಕಿದ್ದ ಬಕೆಟ್ಟಿಗೆ ಮೂತಿ ಇಟ್ಟು ಅರ್ಧ ಇಳಿಸಿದ. ಅವತ್ತು ಸಂಜೆಯ ತನಕ ಅವನು ತೇಗಿದಾಗಲೆಲ್ಲ ಸೋಪಿನ ಗುಳ್ಳೆ ಬರುತ್ತಿತ್ತು.

ಪಕ್ಕದ ಮನೆಯ ಕೆಂಪಸಿದ್ದಯ್ಯ ವರಸೆಯಲ್ಲಿ ಹುಚ್ಚೀರಯ್ಯನನ್ನು ಬಾವ ಅನ್ನುವವನು. ಗುಳ್ಳೆ ನೋಡಿಕೊಂಡು ಹೋಗಲು ಬಂದವನು, ಇದು ಸಕ್ಕರೆ ಕಾಯಿಲೆ, ತನ್ನ ಸೋದರಮಾವನಿಗೂ ಹೀಗೇ ಶುರುವಾಗಿದ್ದು ಅಂದ. ಪರೀಕ್ಷೆ ಮಾಡಲು ಕೆಂಚ ಉಚ್ಚೆ ಹೊಯ್ದ ಜಾಗದಲ್ಲಿ ಇರುವೆ ಬರುತ್ತದೆಯೇ ಅಂತ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಕಾದರು. ಇರುವೆ ಬಂತು. ಕೆಂಪಸಿದ್ದಯ್ಯ ಗೆದ್ದವನಂತೆ ಬೀಡಿ ಹಚ್ಚಿದ. ಆಮೇಲೆ ಹುಚ್ಚೀರಯ್ಯ ನೋಡಿದರೆ ಇರುವೆಗಳು ಹೋಗುತ್ತಿದ್ದದ್ದು ಕೆಂಪಸಿದ್ದಯ್ಯನ ಜೇಬಿನಿಂದ ಉದುರಿದ ಕಡ್ಲೆಮಿಠಾಯಿ ಚೂರಿಗೆ.

ಶಿವರಾತ್ರಿಗೆ ರೇವಮ್ಮ ಕೊಕ್ಕರೆ ಬೆಳ್ಳೂರಿಗೆ, ತಂಗಿ ಮಗಳ ಮದುವೆಗೆ ಹೋಗಿ ಮೂರು ದಿನ ಇದ್ದು ಬಂದಳು. ಗಂಡ ಮಾತ್ರೆಯನ್ನು ಎಲೆಅಡಿಕೆ ಚೀಲದಲ್ಲಿ ಕಟ್ಟಿಕೊಟ್ಟು, ಮರೆಯಬೇಡ ಅಂತ ಎರಡು ಸಲ ಹೇಳಿ ಬಸ್ಸು ಹತ್ತಿಸಿದ್ದ. ಆ ಮೂರು ದಿನ ಕೆಂಚ ಬಾನಿಯ ಕಡೆ ಅಷ್ಟಾಗಿ ತಿರುಗಲಿಲ್ಲ. ಅಮ್ಮನನ್ನು ಕಾಣದ ದುಃಖ ಇರಬೇಕು ಅಂದುಕೊಂಡ ಹುಚ್ಚೀರಯ್ಯ. ಅಂದುಕೊಂಡರೂ ನೆನಪಿನಲ್ಲಿ ಇಟ್ಟುಕೊಂಡ.

ಯುಗಾದಿ ಹೊತ್ತಿಗೆ ಊತ ಮೊಣಕಾಲಿಗೆ ಬಂತು. ಹೆಬ್ಬೆರಳ ಗುಳಿ ಒಂದು ಬೀಡಿ ಮುಗಿದರೂ ಹಾಗೇ ಇರುತ್ತಿತ್ತು. ಡಾಕ್ಟರಮ್ಮನಿಗೆ ಆಶ್ಚರ್ಯವಾಯಿತು. ಮಾತ್ರೆ ತಪ್ಪದೆ ತಗೊಳ್ತಿದ್ದಾರಾ ಅಂತ ಕೇಳಿದರು. ನಾನೇ ಕೈಯಾರೆ ಕೊಡ್ತೀನಿ ಅಂದ ಹುಚ್ಚೀರಯ್ಯ. ರೇವಮ್ಮ ಗೋಡೆ ಮೇಲಿದ್ದ ಮಗುವಿನ ಪಟ ನೋಡುತ್ತಿದ್ದಳು. ಡಾಕ್ಟರಮ್ಮ ಮೊದಲಿನದರ ಎರಡರಷ್ಟು ಜೋರಿನ, ದೊಡ್ಡ ಮಾತ್ರೆ ಬರೆದರು. ಅವತ್ತು ಸೋಮವಾರ. ವಾಪಸು ಬರುವಾಗ ಬ್ಲಫ್ ಬಸ್ಸಿನ ಟೈರು ಸಿಡಿದು ಅರ್ಧ ಗಂಟೆ ದಾರಿಯಲ್ಲಿ ನಿಂತರು.

ಮಂಗಳವಾರ ಕೆಂಚ ಬಾನಿಯನ್ನು ಮೂರು ಸಲ ಖಾಲಿ ಮಾಡಿದ.

ಒಂದು ಕಡೆ ಹೆಂಡತಿ ನಾಲ್ಕು ಹೆಜ್ಜೆಗೆ ಉಸಿರು ಎಳೆಯುತ್ತಾಳೆ, ಇನ್ನೊಂದು ಕಡೆ ಹರಕೆಯ ಟಗರು ಕಣ್ಣೆದುರಿಗೆ ಕರಗುತ್ತಿದೆ. ಕೆಂಚ ಸತ್ತುಹೋದರೆ ಮಾರಮ್ಮನಿಗೆ ಕೊಡುವುದು ಏನನ್ನು, ಕೊಡದೆ ಕಾಲು ಇಳಿಯುವುದು ಹೇಗೆ? ಹುಚ್ಚೀರಯ್ಯ ಯೋಚಿಸಿ, ಹರಕೆಯನ್ನು ಮುಂಗಡವಾಗಿಯೇ ಒಪ್ಪಿಸಿಬಿಡುವುದು ಅಂತ ತೀರ್ಮಾನಿಸಿದ.

ಅಲ್ಲಿಯ ಪದ್ಧತಿ ಹೀಗೆ. ಗುಡಿ ಮುಂದೆ ಟಗರನ್ನು ನಿಲ್ಲಿಸಿ ಪೂಜಾರಿ ಅದರ ಬೆನ್ನಿಗೆ ತೀರ್ಥ ಚಿಮುಕಿಸುತ್ತಾನೆ. ಟಗರು ಮೈ ಒದರಿದರೆ ಅಮ್ಮ ಒಪ್ಪಿದಳು ಅಂತ ಲೆಕ್ಕ, ಮಿಕ್ಕ ಕಡಿಯುವ ಕೆಲಸ ಪಕ್ಕದ ತೋಟದಲ್ಲಿ. ಒದರದಿದ್ದರೆ ಅವತ್ತು ಮುಟ್ಟುವ ಹಾಗಿಲ್ಲ. ಪೂಜಾರಿ ಮರಿಸಿದ್ದಯ್ಯ ನಲವತ್ತು ವರ್ಷದಿಂದ ಈ ಕೆಲಸ ಮಾಡಿದವನು. ಒದರಿದ ಟಗರನ್ನು ಕಂಡಿದ್ದ, ಒದರದ್ದನ್ನೂ ಕಂಡಿದ್ದ. ಕೆಂಚನಂಥದ್ದನ್ನು ಕಂಡಿರಲಿಲ್ಲ.

ಮೊದಲ ಹನಿ ಬೆನ್ನಿಗೆ ಬಿದ್ದದ್ದೇ ಕೆಂಚ ಕತ್ತು ತಿರುಗಿಸಿ ಅದನ್ನು ನೆಕ್ಕಿದ. ಎರಡನೇ ಸಲ ಹನಿ ಎಲ್ಲಿಂದ ಬರುತ್ತಿದೆ ಅಂತ ನೋಡಿದ. ಮೂರನೇ ಸಲ ಮರಿಸಿದ್ದಯ್ಯನ ಕೈಯಲ್ಲಿದ್ದ ಚೆಂಬಿಗೆ ಮೂತಿ ತೂರಿಸಿ, ತುಳಸಿಯ ಸಮೇತ ಅಷ್ಟನ್ನೂ ಕುಡಿದು, ಇನ್ನಿದೆಯೇ ಅನ್ನುವ ಹಾಗೆ ಪೂಜಾರಿಯ ಮುಖ ನೋಡಿದ.

ಯಾರೂ ನಗಲಿಲ್ಲ. ಮರಿಸಿದ್ದಯ್ಯ ಚೆಂಬನ್ನು ಬೋರಲು ಮಾಡಿ ನೋಡಿಕೊಂಡ.

"ಅಮ್ಮ ಒಲ್ಲೆ ಅಂತವ್ಳೆ ಕಣಪ್ಪ," ಅಂದ ಕೊನೆಗೆ. "ಕಾಲು ಇಳಿಯೋಕ್ ಮುಂಚೆ ಹರಕೆ ಕೊಡೋಕೆ ಬಂದೀಯಲ್ಲ, ಅದುಕ್ಕೆ. ಕಾಲು ಇಳಿಲಿ, ಆಮೇಕ್ ಬಾ. ಆಗಲೂ ಒದ್ರದೆ ಓದ್ರೆ ಇದು ಅಮ್ಮನ ಟಗರು ಅಂತ ಬುಟ್ಬುಡು, ಯಾರೂ ಮುಟ್ಟಂಗಿಲ್ಲ."

ಎಲ್ಲರಿಗಿಂತ ಬೇಜಾರಾದದ್ದು ಕೆಂಪಸಿದ್ದಯ್ಯನಿಗೆ. ಅವನ ಮನೆಯಲ್ಲಿ ಬೆಳಿಗ್ಗೆಯೇ ಮಸಾಲೆ ರುಬ್ಬಿ ಇಟ್ಟಿದ್ದರು. ಆ ಮಸಾಲೆಗೆ ನುಗ್ಗೆಕಾಯಿ ಹಾಕಿಕೊಂಡು ಎರಡು ದಿನ ಉಂಡರು. ಬೇರೆ ದಾರಿ ಕಾಣದೆ ಹುಚ್ಚೀರಯ್ಯ ಕೆಂಚನನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ದನದ ಆಸ್ಪತ್ರೆಗೆ ಹೋದ.

ಅಲ್ಲಿಯ ಡಾಕ್ಟರ್ ಯತೀಶ್ ಮಂಡ್ಯದವನು, ವಯಸ್ಸಿಗೆ ಮೀರಿದ ತಾಳ್ಮೆ ಇದ್ದವನು. ಕೆಂಚನ ಉಚ್ಚೆಯನ್ನು ಹಿಡಿದು, ಅದಕ್ಕೆ ಒಂದು ಕಾಗದದ ಪಟ್ಟಿ ಅದ್ದಿ, ಸಕ್ಕರೆ ಇಲ್ಲ ಅಂದ. ಹಿಂಡಿ ಏನು ಹಾಕ್ತೀರಿ, ಉಪ್ಪು ಎಷ್ಟು, ಎಲ್ಲ ಕೇಳಿದ. ಆಮೇಲೆ ಮನೆಯಲ್ಲಿ ಯಾವುದಾದರೂ ಮಾತ್ರೆ ಇದರ ಬಾಯಿಗೆ ಸಿಕ್ಕಿರಬಹುದಾ ಅಂತ ಕೇಳಿದ.

ಮಾತ್ರೆ ತಗೊಳ್ಳುವುದು ತನ್ನ ಹೆಂಡತಿ, ನೀರಿನ ಮಾತ್ರೆ, ದಿನಾ ತಾನೇ ಕೊಡುತ್ತೇನೆ ಅಂದ ಹುಚ್ಚೀರಯ್ಯ.

"ಅವ್ರಿಗೆ ದಾಹ ಜಾಸ್ತಿ ಆಗಿದ್ಯಾ?"

"ಇಲ್ಲ ಡಾಕ್ಟ್ರೇ."

"ಪದೇ ಪದೇ ಹೊರಗೆ ಹೋಗ್ತಾರಾ?"

"ಅದೂ ಇಲ್ಲ."

ಯತೀಶ್ ಪಟ್ಟಿಯನ್ನು ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡು ಬಂದು ಕೂತ. ಮುದುಕನಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದು ಯೋಚಿಸುತ್ತಿದ್ದ ಹಾಗಿತ್ತು.

"ಯಜಮಾನ್ರೇ, ಕಿಡ್ನಿ ಅನ್ನೋದು ಬರೀ ಉಚ್ಚೆ ಸೋಸೋ ಜರಡಿ ಅಲ್ಲ. ಅದು ನಿಮ್ಮೂರ ನೀರುಗಂಟಿ ಇದ್ದಂಗೆ. ನಾಲೇಲಿ ನೀರು ಇಳೀತು ಅಂದ್ರೆ ನೀರುಗಂಟಿ ಏನ್ ಮಾಡ್ತಾನೆ?"

"ಮೇಲಕ್ಕೆ ಯೋಳಿ ಕಳಿಸ್ತಾನೆ."

ಅದೇ ತರಹ ಅಂದ ಯತೀಶ್. ಮೈಯಲ್ಲಿ ನೀರು ಕಮ್ಮಿಯಾದದ್ದು ಕಿಡ್ನಿಗೆ ಮೊದಲು ಗೊತ್ತಾಗುತ್ತದೆ. ಅದು ಒಂದು ರಸವನ್ನು ರಕ್ತಕ್ಕೆ ಬಿಡುತ್ತದೆ. ಆ ರಸದಿಂದ ರಕ್ತದಲ್ಲೇ ಇನ್ನೊಂದು ರಸ ಆಗಿ, ಅದು ತಲೆಗೆ ಹೋಗಿ ನೀರು ಕುಡಿ ಅಂತ ಹೇಳುತ್ತದೆ. ನೀರಿನ ಮಾತ್ರೆ ಅಂದರೆ ತೂಬು ಎತ್ತಿ ನೀರನ್ನೆಲ್ಲ ಹೊರಕ್ಕೆ ಬಿಟ್ಟ ಹಾಗೆ. ಆಗ ನೀರುಗಂಟಿ ಸುಮ್ಮನಿರುತ್ತಾನಾ? ಹೊಟ್ಟೆ ತುಂಬ ನೀರು ಕುಡಿದು ಮಲಗಿದ್ದ ಇಲಿಗಳ ತಲೆಗೆ ಆ ರಸವನ್ನು ಸೂಜಿಯಲ್ಲಿ ಕೊಟ್ಟು ನೋಡಿದ್ದಾರೆ, ಎದ್ದು ಬಂದು ಮತ್ತೆ ಕುಡಿಯುತ್ತವಂತೆ. ಆ ರಸ ಹುಟ್ಟದ ಹಾಗೆ ತಡೆಯುವ ಮಾತ್ರೆಗಳೂ ಇವೆ. ಅಂಥದ್ದು ಕೊಟ್ಟರೆ ಎಷ್ಟೋ ಸಲ ನೀರು ಬೇಕಾದ ಪ್ರಾಣಿಯೂ ನೀರಿನ ಕಡೆ ಅಷ್ಟಾಗಿ ಹೋಗುವುದಿಲ್ಲ.

ಇಷ್ಟು ಹೇಳಿ ಅವನು ಕೆಂಚನ ಕಿವಿಯ ಹಿಂದೆ ತುರಿಸಿದ.

"ನೀರಿನ ಮಾತ್ರೆ ತಗೊಳ್ಳೋರಿಗೆ ದಾಹ ಇಲ್ಲ, ಉಚ್ಚೆ ಇಲ್ಲ, ಕಾಲೂ ಇಳಿದಿಲ್ಲ. ತಗೊಳ್ಳದ ಟಗರಿಗೆ ದಾಹ. ನಂಗೇನೋ ವಿಚಿತ್ರ ಅನ್ಸುತ್ತೆ ಯಜಮಾನ್ರೇ."

ವಾಪಸು ಬರುವ ದಾರಿಯಲ್ಲಿ ಹುಚ್ಚೀರಯ್ಯ ದಿನಗಳ ಲೆಕ್ಕಕ್ಕೆ ಕೂತ. ಆಟೋದವನು ಏನೋ ಕೇಳಿದರೂ ಕೇಳಿಸಲಿಲ್ಲ. ತಲೆಯೊಳಗೆ ದಿನಗಳು ಒಂದೊಂದಾಗಿ ಎದ್ದು ನಿಂತವು. ಮಾತ್ರೆ ಶುರು ಮಾಡಿದ್ದು ಕೆಂಪಸಿದ್ದಯ್ಯನ ಬೋರಿನ ಮೋಟಾರು ಸುಟ್ಟ ಶುಕ್ರವಾರ. ಕೆಂಚ ಬಾನಿ ನೆಕ್ಕಿದ್ದು ಅದರ ಮಾರನೇ ದಿನ, ಶನಿವಾರ. ದೊಡ್ಡ ಮಾತ್ರೆ ತಂದದ್ದು ಬಸ್ಸಿನ ಟೈರು ಸಿಡಿದ ಸೋಮವಾರ. ಮೂರು ಬಾನಿ ಕುಡಿದದ್ದು ಮಂಗಳವಾರ. ದಾಹವಿಲ್ಲದೆ ಇದ್ದದ್ದು ಮೂರೇ ದಿನ, ರೇವಮ್ಮ ಕೊಕ್ಕರೆ ಬೆಳ್ಳೂರಿನಲ್ಲಿದ್ದ ಮೂರು ದಿನ. ಮನೆ ಬರುವ ಹೊತ್ತಿಗೆ ಇನ್ನು ನೆನೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಗುಳಿ ಒತ್ತಿ ನೋಡಿ, ಮಾತ್ರೆ ಕೊಟ್ಟು, ಅವಳು ಒಳಗೆ ಹೋಗುವ ತನಕ ಕೂತಿದ್ದ. ರೇವಮ್ಮ ಮುದ್ದೆಯ ತುತ್ತು ಹಿಡಿದು ಹೊರಗೆ ಬಂದಾಗ ಕೆಂಚನ ಮುಂದೆ ತಾನು ಬಾಯಿ ತೆರೆದು ನಿಂತಿದ್ದ.

"ಇವತ್ತು ಮೊದಲ ತುತ್ತು ನಂಗೆ ಕೊಡು."

ರೇವಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಕೆಂಚ ಬ್ಯಾ ಅಂದ. ಹುಚ್ಚೀರಯ್ಯ ಅವಳ ಕೈಯಿಂದ ತುತ್ತು ತೆಗೆದುಕೊಂಡು ಬಿಡಿಸಿದ. ನಡುವೆ ಬೆಳ್ಳಗೆ ಮಾತ್ರೆ ಕೂತಿತ್ತು.

ಅವನು ಬಯ್ಯಲಿಲ್ಲ. ಬಾನಿಯ ಕಟ್ಟೆ ಮೇಲೆ ಕೂತ. ಅವಳೂ ಪಕ್ಕದಲ್ಲಿ ಕೂತಳು. ಅವನು ಕೇಳಿದ್ದು ಒಂದೇ ಮಾತು.

"ಕೊಕ್ಕರೆ ಬೆಳ್ಳೂರ್ನಾಗೆ ಯಾರ್ಗಾಕ್ದೆ? ಮರದ್ ಮೇಲಿನ್ ಎಜ್ಜಾರ್ಲೆ ಅಕ್ಕಿಗಾ?"

"ಎಜ್ಜಾರ್ಲೆ ಕೆಳಗೆಲ್ಲಿ ಇಳೀತದೆ ಬುಡು," ಅಂದಳು ರೇವಮ್ಮ. "ಉಣಸೆ ಮರದ ಬುಡುಕ್ ಊತಾಕ್ದೆ."

ಆಮೇಲೆ ಎಲ್ಲ ಹೊರಗೆ ಬಂತು. ಮೊದಲ ಮಾತ್ರೆ ಅವಳು ನಿಜವಾಗಿಯೂ ನುಂಗಿದ್ದಳಂತೆ. ಅವತ್ತೇ ಮದ್ದೂರಿನ ಛತ್ರದಲ್ಲಿ ಸೋಬಾನೆ ಇತ್ತು. ಹಸೆಗೆ ಕರೆಯುವ ಪದದ ನಡುವೆ ಮೂರು ಸಲ ಏಳಬೇಕಾಯಿತು. ಎರಡು ಸಲ ಹೆಂಗಸರು ಕಾದರು. ಮೂರನೇ ಸಲ ವಾಪಸು ಬರುವಾಗ ಅವಳು ಬಿಟ್ಟ ಸಾಲಿನಿಂದ ಗುತ್ತಲಿನ ಮಾಯಮ್ಮ ಪದ ಎತ್ತಿಕೊಂಡಿದ್ದಳು. ಅದೂ ತಪ್ಪಿಲ್ಲದೆ. ಉಳಿದ ಮದುವೆಗಳಿಗೆ ತನ್ನನ್ನು ಯಾರು ಕರೆಯುತ್ತಾರೆ ಅನ್ನುವ ದಿಗಿಲಿಗೆ ಮಾರನೆಯ ದಿನದಿಂದ ಮಾತ್ರೆ ಕೆನ್ನೆಯ ಸಂದಿಯಲ್ಲಿ ಉಳಿಯತೊಡಗಿತು. ಬಿಸಾಡಿದರೆ ಗಂಡನ ಕಣ್ಣಿಗೆ ಬೀಳುತ್ತದೆ. ಔಷಧಿ ತಾನೆ, ಕೆಂಚನ ಮೈಗಾದರೂ ಒಳ್ಳೆಯದಾಗಲಿ ಅಂತ ಮುದ್ದೆಯಲ್ಲಿ ಇಟ್ಟಳು.

"ಪದ ಬುಟ್ಟು ಎದ್ರೆ ಓಯ್ತದೆ ಕಣ ಮರ್ವಾದಿ," ಅಂದಳು.

"ನೀನೇ ಎದ್ದು ಓಗ್ಬುಟ್ರೆ ಪದ ಯಾರ್ ಯೋಳೋರು?" ಅಂದ ಹುಚ್ಚೀರಯ್ಯ. ಧ್ವನಿ ಏರಿರಲಿಲ್ಲ. ಆದರೆ ಹೆಬ್ಬೆರಳು ಮತ್ತೆ ಅವಳ ಕಾಲಿನ ಗುಳಿಯನ್ನು ಒತ್ತಿ ಹಿಡಿದಿತ್ತು. ರೇವಮ್ಮ ಆ ಬೆರಳನ್ನು ನೋಡಿದಳು. ಅವನ ಅಂಗೈಯಲ್ಲಿದ್ದ ಮಾತ್ರೆ ತಗೊಂಡು, ಅಂಟಿದ್ದ ಮುದ್ದೆ ಒರೆಸಿ, ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನಾಲಿಗೆ ಹೊರಚಾಚಿ ತೋರಿಸಿದಳು.

ಅವತ್ತೇ ಇಬ್ಬರೂ ಮಳವಳ್ಳಿಗೆ ಹೋದರು. ಡಾಕ್ಟರಮ್ಮ ಅರುಂಧತಿ ಕಥೆಯನ್ನೆಲ್ಲ ಕೇಳಿ, ನಗು ತಡೆದುಕೊಳ್ಳಲು ಬರೆಯುವ ಕೆಲಸ ಇದ್ದವರ ಹಾಗೆ ತಲೆ ಬಗ್ಗಿಸಿದರು. ಇದನ್ನು ಮೊದಲೇ ಹೇಳಬಾರದಿತ್ತಾ ಅಂದರು. ಮದುವೆ ಇದ್ದ ದಿನ ಮಾತ್ರೆಯನ್ನು ಪದ ಮುಗಿಸಿ ಮನೆಗೆ ಬಂದ ಮೇಲೆ ತಗೊಂಡರೆ ಆಯಿತು. ಉಳಿದ ದಿನ ಬೆಳಿಗ್ಗೆ. ದೊಡ್ಡದು ಬೇಡ, ಮೊದಲಿನ ಸಣ್ಣದೇ ಸಾಕು. ಮನೆಯಲ್ಲಿ ಮಿಕ್ಕಿರುವ ದೊಡ್ಡ ಮಾತ್ರೆಯನ್ನು ಅಂಗಡಿಗೆ ವಾಪಸು ಕೊಟ್ಟುಬಿಡಿ ಅಂತಲೂ ಹೇಳಿದರು. ಒಂಬತ್ತು ಮಿಕ್ಕಿತ್ತು. ಹುಚ್ಚೀರಯ್ಯ ಅದನ್ನು ಗೂಡಿನಲ್ಲಿ ಸೀಗೆಪುಡಿ ಡಬ್ಬದ ಹಿಂದೆ ಇಟ್ಟ, ಆಮೇಲೆ ವಾಪಸು ಕೊಡುವ ದಾರಿಯೇ ಬರಲಿಲ್ಲ.

ಹದಿನೈದು ದಿನಕ್ಕೆ ಮೊಣಕಾಲು ಇಳಿಯಿತು. ತಿಂಗಳಿಗೆ ಹರಡಿನ ಮೂಳೆ ಕಂಡಿತು. ಗುಳಿ ಬೆರಳು ತೆಗೆಯುವುದರೊಳಗೆ ತುಂಬಿಕೊಳ್ಳತೊಡಗಿತು. ಬಾನಿಯ ನೀರು ಬೆಳಿಗ್ಗೆ ತುಂಬಿಸಿದ್ದು ಸಂಜೆಯ ತನಕ ನಿಂತು, ಅದರಲ್ಲಿ ಕಾಗೆ ಸ್ನಾನ ಮಾಡುವಂತಾಯಿತು. ಕೆಂಚ ಮೈ ತುಂಬಿಕೊಂಡು ಹೊಳೆದ. ಅದನ್ನು ನೋಡಿದವನು ಕೆಂಪಸಿದ್ದಯ್ಯ.

"ಬಾವ, ಕಾಲು ಇಳೀತಲ್ಲ," ಅಂದ ಅವನು, ಕೆಂಚನ ಸೊಂಟ ಮುಟ್ಟಿ ನೋಡುತ್ತ.

ಕಾಲು ಇಳಿದಿತ್ತು. ಆಡಿದ ಮಾತು ಆಡಿದ್ದೇ. ಹರಕೆಗೆ ಆಷಾಢದ ಎರಡನೇ ಮಂಗಳವಾರ ಅಂತ ನಿಶ್ಚಯವಾಯಿತು. ಸೋಮವಾರ ಸಂಜೆ ಹೊತ್ತು ಇಳಿಯುವ ಮುಂಚೆ ರೇವಮ್ಮ ಕೆಂಚನಿಗೆ ಮೈ ತೊಳೆಯುತ್ತಿದ್ದಳು. ತೊಳೆಯುತ್ತ ಮದುಮಗನಿಗೆ ಎಣ್ಣೆ ಒತ್ತುವ ಪದ ಹೇಳುತ್ತಿದ್ದಳು, ಬಹಳ ಸಣ್ಣಗೆ. ಜಗಲಿ ಮೇಲಿದ್ದ ಹುಚ್ಚೀರಯ್ಯ ಕೇಳಿಸಿಕೊಂಡ. ತನಗಲ್ಲದ ಮಾತ್ರೆಯನ್ನು ಅಷ್ಟು ದಿನ ತಿಂದು, ತನಗಲ್ಲದ ದಾಹವನ್ನು ಅನುಭವಿಸಿದ ಪ್ರಾಣಿ ಅದು. ತಾನು ಮಾತು ತಪ್ಪುವ ಹಾಗಿಲ್ಲ. ಅಮ್ಮ ಒಲ್ಲೆ ಅಂದರೆ ಬೇರೆ.

ಬೆಳಿಗ್ಗೆ ರೇವಮ್ಮ ತನ್ನ ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿ, ಹೂ ಕೊಯ್ಯಲು ಹಿತ್ತಲಿಗೆ ಹೋದಳು. ಹುಚ್ಚೀರಯ್ಯ ಸೀಗೆಪುಡಿ ಡಬ್ಬದ ಹಿಂದೆ ಕೈ ಹಾಕಿದ. ತೆಗೆದು ನೋಡಿದರೆ ಎಂಟೇ ಇತ್ತು. ಒಂಬತ್ತು ಇಟ್ಟದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಮತ್ತೆ ಎಣಿಸಿದ. ಎಂಟು. ವಯಸ್ಸಾಯಿತು, ಇನ್ನು ನೆನಪೂ ಹೋಯಿತು ಅಂದುಕೊಂಡು, ಭಾರವಾದ ಮನಸ್ಸಿನಿಂದಲೇ ಒಂದನ್ನು ಬಾಳೆಹಣ್ಣಿನಲ್ಲಿ ತೂರಿಸಿ ಕೆಂಚನಿಗೆ ತಿನ್ನಿಸಿದ.

ತೋಪಿನಲ್ಲಿ ಪೂಜೆ ಮುಗಿಯುವಷ್ಟರಲ್ಲಿ ಹೊತ್ತು ಮೇಲೇರಿತ್ತು. ಕೆಂಚ ಬಂದಾಗಿನಿಂದ ನಾಲಿಗೆ ಚಪ್ಪರಿಸುತ್ತ, ಹತ್ತು ಜನರ ನಡುವೆ ನಾಚಿಕೆಯಿಲ್ಲದೆ ಉಚ್ಚೆ ಹೊಯ್ಯುತ್ತ ನಿಂತಿದ್ದ. ಮರಿಸಿದ್ದಯ್ಯ ಈ ಸಲ ಚೆಂಬನ್ನು ಎತ್ತರಕ್ಕೆ ಹಿಡಿದುಕೊಂಡೇ ತೀರ್ಥ ಚಿಮುಕಿಸಿದ. ಕೆಂಚ ಒದರಲಿಲ್ಲ. ಎರಡು ಕಾಲ ಮೇಲೆ ನಿಂತು, ಮುಂಗಾಲನ್ನು ಪೂಜಾರಿಯ ಎದೆಗೆ ಇಟ್ಟು ಚೆಂಬು ಖಾಲಿ ಮಾಡಿದ. ಆಮೇಲೆ ಕಾಲು ತೊಳೆಯುವ ಬಕೆಟ್ಟು. ಆಮೇಲೆ ನೈವೇದ್ಯದ ಪಾನಕ. ಕೊನೆಗೆ ಮರಿಸಿದ್ದಯ್ಯ ಮನೆಯಿಂದ ತಂದಿದ್ದ ಮಜ್ಜಿಗೆ.

"ಅಮ್ಮನ ಟಗರು," ಅಂದ ಮರಿಸಿದ್ದಯ್ಯ, ಒದ್ದೆಯಾದ ಪಂಚೆ ಹಿಂಡಿಕೊಳ್ಳುತ್ತ. "ಇನ್ ಯಾರೂ ಇದುನ್ನ ಮುಟ್ಬ್ಯಾಡಿ."

ಈ ಸಲ ಕೆಂಪಸಿದ್ದಯ್ಯ ಮಸಾಲೆ ರುಬ್ಬಿಸಿರಲಿಲ್ಲ.

ಮನೆಗೆ ವಾಪಸಾಗುವಾಗ ಕೆಂಚ ನಾಲೆ ಮೆಟ್ಟಿಲು ಇಳಿದು, ಮೊಣಕಾಲ ತನಕ ನೀರಿನಲ್ಲಿ ನಿಂತು ಕುಡಿಯತೊಡಗಿದ. ಕುಡಿದ, ಕುಡಿದ, ಕುಡಿಯುತ್ತಲೇ ಇದ್ದ. ಗಂಡ ಹೆಂಡತಿ ಏರಿಯ ಮೇಲೆ ನಿಂತು ನೋಡಿದರು. ಹುಚ್ಚೀರಯ್ಯನಿಗೆ ಒಳಗೊಳಗೇ ಹೆದರಿಕೆಯಾಯಿತು. ಇಷ್ಟು ಕುಡಿಯಬಾರದಾಗಿತ್ತು.

"ಒಂದ್ ಮಾತ್ರೇಗೆ ಇಷ್ಟು ಕುಡಿಬಾರ್ದಾಗಿತ್ತು ಕಣ," ಅಂದಳು ರೇವಮ್ಮ.

ಹುಚ್ಚೀರಯ್ಯ ನಿಧಾನವಾಗಿ ಅವಳ ಕಡೆ ತಿರುಗಿದ.

"ನಿಂದು ನುಂಗ್ದಾ ಇಲ್ವಾ?"

"ನುಂಗ್ದೆ. ನೀನೇ ನೋಡ್ದಲ್ಲ. ಇದು ಹಳೇದು, ಸೀಗೆ ಡಬ್ಬದ ಇಂದಲದು. ಬೆಳಗಾಗ್ಲೇ ಮುದ್ದೇಲಿಟ್ ಕೊಟ್ಟೆ." ಅವಳು ನೆಲ ನೋಡುತ್ತಿದ್ದಳು. "ಬೈದ್ರೆ ಬೈಯಿ."

ಅವನು ಬಯ್ಯಲಿಲ್ಲ. ಕೇಳಿದ್ದು ಇಷ್ಟೇ:

"ನೀ ತಗಿಯೋಕ್ ಮುಂಚೆ ಅದ್ರಾಗೆ ಎಷ್ಟಿತ್ತು?"

"ಒಂಬತ್ತು. ಯಾಕೆ?"

ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ನೆನಪು ಎಲ್ಲಿಗೂ ಹೋಗಿರಲಿಲ್ಲ. ಹುಚ್ಚೀರಯ್ಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಬೀಡಿ ಹಚ್ಚಿ, ಹೊಗೆ ಬಿಟ್ಟ.

"ಈಗ ಏಳೇ ಅವೆ," ಅಂದ.

ರೇವಮ್ಮ ಬೆರಳು ಮಡಿಸಿದಳು. ಒಂದು ಮಡಿಸಿದಳು, ಎರಡು ಮಡಿಸಿದಳು, ಗಂಡನ ಮುಖ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನ ಪಕ್ಕ ಕೂತಳು. ಕೆಳಗೆ ಕೆಂಚ ತಲೆ ಎತ್ತದೆ ಕುಡಿಯುತ್ತಿದ್ದ. ಅವನ ಕುಡಿತ ಮುಗಿಯುವ ತನಕ ಇಬ್ಬರೂ ಅಲ್ಲೇ ಕಾದರು.